ಹ್ಯಾಸ್ಕೆಲ್ ಕಲಿತರೆ ದಲಾಲಿ ಅಂಗಡಿಯ ಪಟ್ಟಿಗೆ ಏನು ಉಪಯೋಗ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವನು. ಬಿಇ ಮುಗಿಸಿ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಬ್ಯಾಡಗಿ ಮತ್ತು ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ, ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕಾಲೇಜಿನಲ್ಲಿ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆ ಸ್ವಲ್ಪ ಓದಿದ್ದೆ, ಇಷ್ಟವಾಗಿತ್ತು. ಮತ್ತೆ ಕಲಿಯೋಣ ಅಂದರೆ ಜೊತೆಯವರು "ಅದು ಪ್ರೊಫೆಸರ್‌ಗಳ ಆಟ, ಹೊಟ್ಟೆ ತುಂಬಿಸಲ್ಲ" ಅನ್ನುತ್ತಾರೆ. ಇಂಥ ಫಂಕ್ಷನಲ್ ಭಾಷೆಗಳಿಗೆ ಕಾಲೇಜಿನ ಹೊರಗೆ ನಿಜವಾದ ಉಪಯೋಗ ಇದೆಯಾ? ನನ್ನಂಥವನು ಇದಕ್ಕೆ ಸಮಯ ಕೊಡಬೇಕಾ?

ಉತ್ತರ: ಉಪಯೋಗ ಇದೆ, ಅದೂ ಬಹಳ ಕಡೆ. ಆದರೆ ಹುಬ್ಬಳ್ಳಿಯಲ್ಲಿ ಹ್ಯಾಸ್ಕೆಲ್ ಒಂದನ್ನೇ ನಂಬಿ ಕೆಲಸ ಹುಡುಕಿದರೆ ಸಿಗುವುದು ಕಷ್ಟ. ನಿಮ್ಮ ಜೊತೆಯವರು ಈ ಎರಡನೆಯ ಮಾತನ್ನು ನೋಡಿ ಮೊದಲನೆಯದು ಸುಳ್ಳು ಅಂದುಕೊಂಡಿದ್ದಾರೆ. ಒಂದು ಭಾಷೆಯ ಹೆಸರಿನಲ್ಲಿ ಎಷ್ಟು ಹುದ್ದೆ ಇವೆ ಎಂಬುದು ಒಂದು ಪ್ರಶ್ನೆ. ಆ ಭಾಷೆ ಕಲಿಸುವ ರೀತಿಯಿಂದ ನಿಮ್ಮ ಇವತ್ತಿನ ಕೆಲಸದಲ್ಲಿ ಎಷ್ಟು ತಪ್ಪು ಕಡಿಮೆಯಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ದಲಾಲಿ ಅಂಗಡಿಯ ಲೆಕ್ಕ ಬರೆಯುವ ನಿಮಗೆ ಎರಡನೆಯದೇ ಜಾಸ್ತಿ ಮುಖ್ಯ ಎಂದು ನಾನು ನಂಬಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫಂಕ್ಷನಲ್ ರೀತಿ ಅಂದರೆ ಮುಖ್ಯವಾಗಿ ಎರಡು ಶಿಸ್ತು. ಒಂದು, ಫಂಕ್ಷನ್‌ನ (ಮಾಹಿತಿ ಕೊಟ್ಟರೆ ಉತ್ತರ ಕೊಡುವ ಕೋಡ್ ತುಣುಕಿನ) ಉತ್ತರ ನಾವು ಅದಕ್ಕೆ ಕೊಟ್ಟ ಮಾಹಿತಿಯ ಮೇಲೆ ಮಾತ್ರ ನಿಂತಿರಬೇಕು. ಅದು ಒಳಗಿಂದೊಳಗೆ ಡೇಟಾಬೇಸ್ ನೋಡಬಾರದು, ಇವತ್ತಿನ ತಾರೀಕು ಕೇಳಬಾರದು, ಇನ್ನೆಲ್ಲೋ ಇರುವ ವೇರಿಯಬಲ್ ಬದಲಿಸಬಾರದು. ಇನ್ನೊಂದು, ವೇರಿಯಬಲ್‌ಗೆ ಒಮ್ಮೆ ಕೊಟ್ಟ ಬೆಲೆಯನ್ನು (ವ್ಯಾಲ್ಯೂ) ತಿದ್ದಬಾರದು, ಬದಲಾವಣೆ ಬೇಕಿದ್ದರೆ ಹೊಸದೊಂದು ಬೆಲೆ ಮಾಡಿಕೊಳ್ಳಬೇಕು. ಹಾಗಂತ ಬದಲಾವಣೆಯೇ ಇಲ್ಲದ ಪ್ರೋಗ್ರಾಂನಿಂದ ಯಾರಿಗೆ ಏನು ಲಾಭ? ಬಿಲ್ ಪ್ರಿಂಟ್ ಆಗಬೇಕು, ಎಸ್ಸೆಮ್ಮೆಸ್ ಹೋಗಬೇಕು, ಖಾತೆಗೆ ಹಣ ಜಮಾ ಆಗಬೇಕು. ಫಂಕ್ಷನಲ್ ಭಾಷೆಗಳು ಇದನ್ನೆಲ್ಲ ಪ್ರೋಗ್ರಾಂನ ಹೊರ ಅಂಚಿಗೆ ತಳ್ಳಿ, ಎಲ್ಲಿ ಏನು ಬದಲಾಗುತ್ತದೆ ಎಂದು ಎದ್ದು ಕಾಣುವಂತೆ ಮಾಡುತ್ತವೆ. ಹ್ಯಾಸ್ಕೆಲ್ ಇದರಲ್ಲಿ ಬಹಳ ಕಟ್ಟುನಿಟ್ಟು. ಓಕ್ಯಾಮಲ್, ಎಫ್ ಶಾರ್ಪ್, ಸ್ಕಾಲಾ ಸ್ವಲ್ಪ ಸಡಿಲ.

ಇದರ ಬೇರು ಕಾಲೇಜಿನಲ್ಲೇ ಇದೆ, ಅದು ನಿಜ. 1930ರ ದಶಕದಲ್ಲಿ ಅಲೋಂಜೊ ಚರ್ಚ್ ಎಂಬ ಗಣಿತಜ್ಞ ಲ್ಯಾಂಬ್ಡಾ ಕ್ಯಾಲ್ಕುಲಸ್ ಕಟ್ಟಿದರು, ಎಲ್ಲ ಲೆಕ್ಕವನ್ನೂ ಫಂಕ್ಷನ್‌ಗಳಿಂದಲೇ ಮಾಡುವ ಗಣಿತ ಪದ್ಧತಿ ಅದು. 1958ರಲ್ಲಿ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಎಂಬ ಭಾಷೆ ಶುರು ಮಾಡಿದರು. ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಷನ್ ಮೊದಲು ಬಂದದ್ದು ಲಿಸ್ಪ್‌ಗಾಗಿ. ನೀವು ಸಿ ಶಾರ್ಪ್‌ನಲ್ಲಿ ಮೆಮೊರಿಯ ಚಿಂತೆ ಇಲ್ಲದೆ ಕೋಡ್ ಬರೆಯುತ್ತಿದ್ದೀರಿ ಅಲ್ವಾ, ಆ ಸೌಕರ್ಯ ಬಂದದ್ದು ಆ 'ಆಟ'ದಿಂದಲೇ.

ಇನ್ನು ಕಾಲೇಜಿನ ಹೊರಗಿನ ಮಾತು. ನನಗೆ ಬಹಳ ಇಷ್ಟವಾದ ಉದಾಹರಣೆ ಎರ್ಲಾಂಗ್ ಎಂಬ ಫಂಕ್ಷನಲ್ ಭಾಷೆ. ಇದು ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಸ್ವೀಡನ್ನಿನ ಎರಿಕ್ಸನ್ ಎಂಬ ಟೆಲಿಫೋನ್ ಕಂಪನಿಯಲ್ಲಿ, 1986ರಲ್ಲಿ. ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಎಂಬ ಎಂಜಿನಿಯರ್‌ಗಳು ಅದನ್ನು ಕಟ್ಟಿದರು. ಅವರ ಮುಂದಿದ್ದ ಸಮಸ್ಯೆ ಸಾವಿರಾರು ಕರೆಗಳು ಒಟ್ಟಿಗೆ ನಡೆಯುವ ಎಕ್ಸ್‌ಚೇಂಜ್. ಒಂದು ಕರೆಯಲ್ಲಿ ಗಡಬಡ ಆದರೆ ಉಳಿದ ಕರೆಗಳು ಕಟ್ ಆಗಬಾರದು. ಸಾಫ್ಟ್‌ವೇರ್ ಬದಲಿಸುವಾಗಲೂ ಎಕ್ಸ್‌ಚೇಂಜ್ ನಿಲ್ಲಬಾರದು. ಅದಕ್ಕೆ ಅವರು ಪ್ರತಿ ಕರೆಗೂ ತನ್ನಷ್ಟಕ್ಕೆ ತಾನೇ ಓಡುವ ಒಂದೊಂದು ಪುಟ್ಟ ಪ್ರೊಸೆಸ್ ಕೊಟ್ಟರು. ಒಂದರ ಮೆಮೊರಿಯನ್ನು ಇನ್ನೊಂದು ಮುಟ್ಟುವ ಹಾಗಿಲ್ಲ, ಸಂದೇಶ ಕಳಿಸಬಹುದು ಅಷ್ಟೇ. ಒಂದು ಕೆಟ್ಟರೆ ಅದನ್ನು ಕಾಯುತ್ತಿರುವ ಇನ್ನೊಂದು ಪ್ರೊಸೆಸ್ ಹೊಸದಾಗಿ ಶುರು ಮಾಡುತ್ತದೆ. ಮೆಮೊರಿ ಹಂಚಿಕೊಂಡಿಲ್ಲ, ಬೆಲೆಗಳನ್ನು ತಿದ್ದುವುದೂ ಇಲ್ಲ, ಹಾಗಾಗಿ ಕೆಟ್ಟ ಪ್ರೊಸೆಸ್ ಬೇರೆಯವರ ಲೆಕ್ಕ ಹಾಳು ಮಾಡಿ ಹೋಗಿರುತ್ತದೆ ಎಂಬ ಭಯ ಇಲ್ಲ.

ಎರಿಕ್ಸನ್‌ನ ಎಎಕ್ಸ್‌ಡಿ 301 ಎಂಬ ಸ್ವಿಚ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಎರ್ಲಾಂಗ್ ಕೋಡ್ ಇತ್ತು. ಹೀಗಿದ್ದೂ 1998ರಲ್ಲಿ ಆ ಕಂಪನಿಯ ಒಂದು ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬೇಡ, ಎಲ್ಲರೂ ಬಳಸುವ ಭಾಷೆ ಸಾಕು ಎಂದು ತೀರ್ಮಾನ ಮಾಡಿತು. ಅದೇ ವರ್ಷ ಭಾಷೆಯನ್ನು ಓಪನ್ ಸೋರ್ಸ್ ಮಾಡಿದರು, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ. ಮುಂದೆ ವಾಟ್ಸಾಪ್ ಕಟ್ಟಿದವರು ಅದನ್ನೇ ಎತ್ತಿಕೊಂಡರು. 2012ರ ಹೊತ್ತಿಗೆ ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕಗಳನ್ನು ಒಟ್ಟಿಗೆ ನಿಭಾಯಿಸಿ ತೋರಿಸಿದರು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್‌ಗೆ ವಾಟ್ಸಾಪ್ ಕೊಳ್ಳುವುದಾಗಿ ಹೇಳಿದಾಗ ಬಳಕೆದಾರರು ಸುಮಾರು 45 ಕೋಟಿ, ಎಂಜಿನಿಯರ್‌ಗಳು 32 ಮಂದಿ. ಇವತ್ತು ಬ್ಯಾಡಗಿಯ ದಲಾಲರು ರೈತರಿಗೆ ಆ ದಿನದ ದರ ತಿಳಿಸುವುದೂ ಇದರಲ್ಲೇ ಅಲ್ವಾ? ಫಂಕ್ಷನಲ್ ಭಾಷೆ ಹೊಟ್ಟೆ ತುಂಬಿಸಲ್ಲ ಎಂಬ ಮಾತು ಕೂಡ ಬಹುಶಃ ಒಂದು ಎರ್ಲಾಂಗ್ ಸರ್ವರ್ ದಾಟಿಯೇ ನಿಮ್ಮ ಫೋನಿಗೆ ಬಂದಿರುತ್ತದೆ.

ಹ್ಯಾಸ್ಕೆಲ್ ಬಗ್ಗೆಯೇ ಕೇಳಿದ್ದೀರಿ. ಫೇಸ್‌ಬುಕ್‌ನಲ್ಲಿ ಸ್ಪ್ಯಾಮ್ ತಡೆಯುವ ಸಿಗ್ಮಾ ಎಂಬ ವ್ಯವಸ್ಥೆಯ ನಿಯಮಗಳನ್ನು ಹ್ಯಾಸ್ಕೆಲ್‌ಗೆ ಬದಲಿಸಿದ್ದಾಗಿ 2015ರಲ್ಲಿ ಹೇಳಿಕೊಂಡರು. ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೋರಿಕೆ ನಿಭಾಯಿಸುವ ವ್ಯವಸ್ಥೆ ಅದು. ಸ್ಪ್ಯಾಮ್ ಕಳಿಸುವವರು ಗಂಟೆಗೊಂದು ಹೊಸ ದಾರಿ ಹುಡುಕುತ್ತಾರೆ, ಹಾಗಾಗಿ ನಿಯಮಗಳನ್ನೂ ದಿನಕ್ಕೆ ಹಲವು ಸಲ ಬದಲಿಸಬೇಕು. ನಿಯಮ ಬರೆಯುವವರು ಹಲವರು. ಒಬ್ಬರ ನಿಯಮ ಇನ್ನೊಬ್ಬರದನ್ನು ಕೆಡಿಸಬಾರದು, ಎಲ್ಲವೂ ಒಟ್ಟಿಗೆ ಓಡಬೇಕು. ನಿಯಮ ಸುಮ್ನೆ ಮಾಹಿತಿ ತೆಗೆದುಕೊಂಡು ಉತ್ತರ ಕೊಟ್ಟರೆ, ಬೇರೆ ಏನನ್ನೂ ಮುಟ್ಟದಿದ್ದರೆ, ಯಾವುದನ್ನು ಮೊದಲು ಓಡಿಸಿದರೂ ಫಲ ಒಂದೇ.

ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಜಸ್‌ಪೇ ಎಂಬ ಪಾವತಿ ಕಂಪನಿ ಹ್ಯಾಸ್ಕೆಲ್ ಬಳಸುತ್ತದೆ. ಅದೇ ಬಳಗದಿಂದ ಬಂದ ನಮ್ಮ ಯಾತ್ರಿ ಆಟೋ ಆ್ಯಪ್‌ನ ಸರ್ವರ್ ಕೋಡ್ ಕೂಡ ಹ್ಯಾಸ್ಕೆಲ್, ಓಪನ್ ಸೋರ್ಸ್ ಬೇರೆ. ಅಂದರೆ ಹುಬ್ಬಳ್ಳಿಯಲ್ಲಿ ಕೂತು, ರೊಕ್ಕ ಕೊಡದೆ, ನಿಜವಾಗಿ ಆಟೋ ಓಡಿಸುತ್ತಿರುವ ಹ್ಯಾಸ್ಕೆಲ್ ಕೋಡ್ ನೀವು ಓದಬಹುದು. ಕಾಲೇಜಿನ ಫಿಬೊನಾಚಿ ಲೆಕ್ಕಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು ಕಲಿಸುತ್ತದೆ. ನ್ಯೂಯಾರ್ಕ್‌ನ ಜೇನ್ ಸ್ಟ್ರೀಟ್ ಎಂಬ ಷೇರು ವ್ಯಾಪಾರದ ಕಂಪನಿ ಓಕ್ಯಾಮಲ್ ನಂಬಿ ನಿಂತಿದೆ. ಬ್ರೆಜಿಲ್‌ನ ನುಬ್ಯಾಂಕ್ ಕ್ಲೋಜರ್ ಬಳಸುತ್ತದೆ, 2020ರಲ್ಲಿ ಆ ಭಾಷೆಯನ್ನು ನೋಡಿಕೊಳ್ಳುವ ಕಾಗ್ನಿಟೆಕ್ಟ್ ಕಂಪನಿಯನ್ನೇ ಕೊಂಡಿತು. ಫೋನು, ಸ್ಪ್ಯಾಮ್, ಹಣ. ತಪ್ಪಾದರೆ ದುಬಾರಿಯಾಗುವ, ಒಟ್ಟಿಗೆ ಬಹಳ ಕೆಲಸ ನಡೆಯುವ ಜಾಗಗಳಲ್ಲೇ ಈ ಭಾಷೆಗಳು ನೆಲೆ ನಿಂತಿವೆ.

ಅಲ್ಲಿಗೆ ದಲಾಲಿ ಅಂಗಡಿಗೆ ಬರೋಣ, ಯಾಕೆಂದರೆ ನಿಮ್ಮದೂ ಹಣದ ಕೆಲಸವೇ. ಸೀಸನ್ನಿನಲ್ಲಿ ಬ್ಯಾಡಗಿಗೆ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬರುತ್ತದೆ. ಸಂಜೆಯೊಳಗೆ ರೈತನ ಕೈಗೆ ಪಟ್ಟಿ, ಅಂದರೆ ಅವನ ಮಾಲಿನ ಲೆಕ್ಕದ ಬಿಲ್, ಹೋಗಬೇಕು. ಇಂಥ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಮಾಡುವ ಫಂಕ್ಷನ್ ಹೇಗಿರುತ್ತದೆ ನೋಡಿ. ಲಾಟ್ (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲು) ನಂಬರ್ ಕೊಟ್ಟರೆ ಅದು ಡೇಟಾಬೇಸ್‌ನಿಂದ ತೂಕ ಮತ್ತು ದರ ಓದುತ್ತದೆ, ಸೆಟ್ಟಿಂಗ್ಸ್‌ನಿಂದ ಹಮಾಲಿ ದರ ಎತ್ತಿಕೊಳ್ಳುತ್ತದೆ, ರೈತನ ಖಾತೆಯಲ್ಲಿ ಮುಂಗಡ ಇದ್ದರೆ ಮುರಿದುಕೊಳ್ಳುತ್ತದೆ, ಖಾತೆ ತಿದ್ದುತ್ತದೆ, ಕೊನೆಗೆ ಪ್ರಿಂಟ್ ಕೊಡುತ್ತದೆ. ಐದು ಕೆಲಸ ಒಂದೇ ಫಂಕ್ಷನ್‌ನಲ್ಲಿ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು, ಗುಮಾಸ್ತರು ಮತ್ತೊಮ್ಮೆ ಬಟನ್ ಒತ್ತಿದರು ಅಂದುಕೊಳ್ಳಿ. ಮುಂಗಡ ಎರಡು ಸಲ ಕಡಿತವಾಗುತ್ತದೆ. ಎರಡು ತಿಂಗಳ ನಂತರ ರೈತ ಹಳೆ ಪಟ್ಟಿಯ ನಕಲು ಕೇಳಿದರೆ, ನಡುವೆ ಹಮಾಲಿ ದರ ಏರಿದ್ದರೆ, ಈಗ ಬರುವ ಮೊತ್ತವೇ ಬೇರೆ. ರೈತನ ಕೈಯಲ್ಲಿ ಎರಡು ಕಾಗದ, ಎರಡು ಮೊತ್ತ. ಅಲ್ಲಿಂದ ಮುಂದೆ ಜಗಳ.

ಇದನ್ನೇ ಫಂಕ್ಷನಲ್ ಕಣ್ಣಿನಿಂದ ಬರೆದರೆ ಹೀಗೆ. ಲೆಕ್ಕದ ಫಂಕ್ಷನ್‌ಗೆ ಲಾಟ್‌ಗಳ ವಿವರ, ಆ ದಿನದ ದರಗಳು, ರೈತನ ಮುಂಗಡದ ಬಾಕಿ ಇಷ್ಟನ್ನೂ ಕೈಗೆ ಕೊಡಿ. ಅದು ಒಟ್ಟು, ಕಡಿತ, ಮುಂಗಡಕ್ಕೆ ಮುರಿಯಬೇಕಾದ ಹಣ, ರೈತನಿಗೆ ಕೊಡಬೇಕಾದ ಉಳಿಕೆ ಇವುಗಳನ್ನು ಹೇಳಲಿ. ಹೇಳಿ ಸುಮ್ಮನಾಗಲಿ. ಖಾತೆ ಬರೆಯುವುದು, ಪ್ರಿಂಟ್ ಕೊಡುವುದು ಹೊರಗಿನ ತೆಳುವಾದ ಭಾಗದ ಕೆಲಸ. ಈಗ ಅದೇ ಮಾಹಿತಿ ಕೊಟ್ಟರೆ ನಾಳೆಯೂ, ಮುಂದಿನ ವರ್ಷವೂ ಅದೇ ಮೊತ್ತ. ಹತ್ತು ಸಲ ಪ್ರಿಂಟ್ ಕೊಟ್ಟರೂ ಖಾತೆ ಅಲುಗುವುದಿಲ್ಲ. ಟೆಸ್ಟ್ ಮಾಡಲು ಡೇಟಾಬೇಸ್ ಬೇಡ, ಪ್ರಿಂಟರ್ ಬೇಡ. ಇದಕ್ಕೆ ಹೊಸ ಭಾಷೆಯೇ ಬೇಕೆಂದಿಲ್ಲ, ಸಿ ಶಾರ್ಪ್‌ನಲ್ಲೇ ಆಗುತ್ತದೆ. ಆದರೆ ಸಿ ಶಾರ್ಪ್ ನಿಮ್ಮನ್ನು ಹೀಗೇ ಬರೆಯಿರಿ ಎಂದು ಒತ್ತಾಯಿಸುವುದಿಲ್ಲ. ಹ್ಯಾಸ್ಕೆಲ್ ಒತ್ತಾಯಿಸುತ್ತದೆ. ಕೆಲವು ತಿಂಗಳು ಆ ಒತ್ತಾಯದಲ್ಲಿ ಬರೆದವರಿಗೆ ಡೇಟಾಬೇಸ್ ಓದುವ ಸಾಲು ಲೆಕ್ಕದ ನಡುವೆ ಬಂದರೆ ಕಣ್ಣಿಗೆ ಚುಚ್ಚುತ್ತದೆ. ಆ ಕಣ್ಣು ಬರುವುದೇ ಕಲಿಕೆಯ ದೊಡ್ಡ ಲಾಭ.

ಖಾತೆ ಬರೆಯುವ ವಿಷಯದಲ್ಲಿ ಹಳೆಯ ಗುಮಾಸ್ತರು ಈ ಶಿಸ್ತನ್ನು ನಮಗಿಂತ ಮೊದಲೇ ಪಾಲಿಸುತ್ತಿದ್ದರು. ಕಿರ್ದಿಯಲ್ಲಿ ಬರೆದ ಸಾಲನ್ನು ಅವರು ಅಳಿಸುವುದಿಲ್ಲ. ತಪ್ಪಾದರೆ ಕೆಳಗೆ ಉಲ್ಟಾ ನಮೂದು ಹಾಕುತ್ತಾರೆ. ನುಬ್ಯಾಂಕ್ ಬಳಸುವ ಡೇಟಾಮಿಕ್ ಎಂಬ ಡೇಟಾಬೇಸ್ ಕೂಡ ಹಾಗೆಯೇ, ಹಳೆಯ ಮಾಹಿತಿಯ ಮೇಲೆ ಬರೆಯುವುದಿಲ್ಲ, ಹೊಸ ಮಾಹಿತಿ ಸೇರಿಸುತ್ತ ಹೋಗುತ್ತದೆ. 'ಮೊನ್ನೆ ಸೋಮವಾರ ಈ ಖಾತೆಯಲ್ಲಿ ಎಷ್ಟಿತ್ತು' ಎಂದು ಕೇಳಿದರೆ ಉತ್ತರ ಸಿಗುತ್ತದೆ. ನಿಮ್ಮ ಮುಂಗಡದ ಟೇಬಲ್‌ನಲ್ಲಿ ಬಾಕಿ ಎಂಬ ಒಂದು ಕಾಲಂ ಇದ್ದು ಅದನ್ನೇ ತಿದ್ದುತ್ತಿದ್ದರೆ, ದಯವಿಟ್ಟು ಅದನ್ನು ಬಿಡಿ. ಕೊಟ್ಟದ್ದು, ಮುರಿದದ್ದು ಎಲ್ಲ ಸಾಲುಸಾಲಾಗಿ ಇರಲಿ, ಬಾಕಿಯನ್ನು ಅದರಿಂದ ಲೆಕ್ಕ ಹಾಕಿ.

ಹ್ಯಾಸ್ಕೆಲ್, ಓಕ್ಯಾಮಲ್, ಎಫ್ ಶಾರ್ಪ್‌ನಂಥ ಭಾಷೆಗಳ ಇನ್ನೊಂದು ಬಲ ಟೈಪ್‌ಗಳು, ಅಂದರೆ ಯಾವ ಮಾಹಿತಿ ಯಾವ ರೂಪದಲ್ಲಿರಬೇಕು ಎಂಬ ನಿಯಮಗಳು. ಇದನ್ನು ಕಾಲೇಜಿನಲ್ಲಿ ಅವಸರದಲ್ಲಿ ದಾಟಿಬಿಡುತ್ತಾರೆ, ನನಗೆ ಬೇಸರವಾಗುವ ವಿಷಯ. ಲಾಟ್ ಅನ್ನೇ ತೆಗೆದುಕೊಳ್ಳಿ. ಅಂಗಡಿಗೆ ಬಂದಿದೆ, ಟೆಂಡರ್ ಆಗಿದೆ, ತೂಕ ಆಗಿದೆ, ಹಣ ಕೊಟ್ಟಾಗಿದೆ ಎಂದು ನಾಲ್ಕು ಹಂತ. ನಿಮ್ಮ ಕೋಡ್‌ನ ಲಾಟ್ ಎಂಬ ಕ್ಲಾಸಿನಲ್ಲಿ ಬಹುಶಃ ದರ, ಖರೀದಿದಾರ, ತೂಕ, ಪಾವತಿ ತಾರೀಕು ಎಲ್ಲವೂ ಇವೆ, ಮತ್ತು ಎಲ್ಲವೂ ಖಾಲಿ ಇರಬಹುದು. ಅಂದರೆ ತೂಕವೇ ಆಗದೆ ಹಣ ಕೊಟ್ಟ ಲಾಟ್ ಕೂಡ ನಿಮ್ಮ ಪ್ರೋಗ್ರಾಂನಲ್ಲಿ ಇರಲು ಸಾಧ್ಯ. ಅದು ಇರಬಾರದು ಎಂದು ನೀವು ಅಲ್ಲಲ್ಲಿ ಇಫ್ ಹಾಕುತ್ತ ಕಾಯಬೇಕು. ಓಕ್ಯಾಮಲ್, ಹ್ಯಾಸ್ಕೆಲ್, ಎಫ್ ಶಾರ್ಪ್‌ನಲ್ಲಿ ನಾಲ್ಕು ಹಂತವನ್ನೂ ನಾಲ್ಕು ಬೇರೆ ರೂಪವಾಗಿ ಬರೆಯಬಹುದು. 'ಬಂದ ಲಾಟ್'ಗೆ ದರದ ಜಾಗವೇ ಇರುವುದಿಲ್ಲ. 'ಹಣ ಕೊಟ್ಟ ಲಾಟ್' ಆಗಬೇಕಾದರೆ ತೂಕ ಕೊಡಲೇಬೇಕು. ತಪ್ಪು ಸ್ಥಿತಿಯನ್ನು ಬರೆಯಲು ಹೋದರೆ ಕಂಪೈಲ್ ಆಗುವುದಿಲ್ಲ, ಅಂದರೆ ಪ್ರೋಗ್ರಾಂ ತಯಾರಾಗುವುದೇ ಇಲ್ಲ.

ಟೆಂಡರ್ ದರ ಒಪ್ಪಿಗೆಯಾಗದೆ ರೈತ ಮಾಲು ಉಳಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ. ಆರು ತಿಂಗಳ ನಂತರ ಆ ಐದನೆಯ ರೂಪ ಸೇರಿಸಿದಿರಿ ಅಂದುಕೊಳ್ಳಿ. ಪಟ್ಟಿ, ದಿನದ ವರದಿ, ಎಸ್ಸೆಮ್ಮೆಸ್ ಹೀಗೆ ಎಲ್ಲೆಲ್ಲಿ ಆ ಹಂತವನ್ನು ನೋಡಿಕೊಳ್ಳಬೇಕೋ ಅಲ್ಲೆಲ್ಲ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಇಂಥ ಕಡೆ ಮರೆಯುವುದು ನಮ್ಮ ಸ್ವಭಾವ, ನೆನಪಿಸುವುದು ಯಂತ್ರದ ಕೆಲಸ ಆಗಲಿ.

ನೀವು ಡಾಟ್ ನೆಟ್‌ನಲ್ಲಿ (ಸಿ ಶಾರ್ಪ್ ಓಡುವ ಮೈಕ್ರೋಸಾಫ್ಟ್ ವೇದಿಕೆ) ಇರುವುದರಿಂದ ಎಫ್ ಶಾರ್ಪ್‌ನ ಒಂದು ಗುಣ ಹೇಳಲೇಬೇಕು. ಮೈಕ್ರೋಸಾಫ್ಟ್‌ನ ಕೇಂಬ್ರಿಜ್ ಸಂಶೋಧನಾಲಯದಲ್ಲಿ ಡಾನ್ ಸೈಮ್ ಕಟ್ಟಿದ ಭಾಷೆ ಇದು. ಇದರಲ್ಲಿ ಸಂಖ್ಯೆಗೆ ಅಳತೆಯನ್ನು ಅಂಟಿಸಬಹುದು. ತೂಕ ಬರುವುದು ಕೆಜಿಯಲ್ಲಿ, ದರ ಇರುವುದು ಕ್ವಿಂಟಲ್‌ಗೆ. ಎರಡನ್ನೂ ನೇರವಾಗಿ ಗುಣಿಸಿ ಅದನ್ನು ರೂಪಾಯಿ ಎಂದು ಕೊಡಲು ಹೋದರೆ ಎಫ್ ಶಾರ್ಪ್ ಒಪ್ಪುವುದಿಲ್ಲ. ನೂರರಿಂದ ಭಾಗಿಸುವ ಸಾಲು ಬರೆಯುವವರೆಗೂ ಬಿಡುವುದಿಲ್ಲ. ಪ್ರೋಗ್ರಾಂ ಓಡುವಾಗ ಈ ಅಳತೆಗಳು ಇರುವುದೇ ಇಲ್ಲ, ಹಾಗಾಗಿ ವೇಗಕ್ಕೂ ತೊಂದರೆ ಇಲ್ಲ. ಮಾರುಕಟ್ಟೆಯ ಲೆಕ್ಕಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಸೌಕರ್ಯ ಬೇರೆ ಭಾಷೆಗಳಲ್ಲಿ ನನಗೆ ಕಂಡಿಲ್ಲ.

ಮತ್ತೊಂದು ಸಂಗತಿ. ಈ ರೀತಿ ಈಗಾಗಲೇ ನಿಮ್ಮ ಕೈಯಲ್ಲಿದೆ. ಎಕ್ಸೆಲ್ ಸೂತ್ರಗಳು ಶುದ್ಧ ಫಂಕ್ಷನಲ್ ಕೋಡ್, ಒಂದು ಸೆಲ್‌ನ ಸೂತ್ರ ಇನ್ನೊಂದು ಸೆಲ್ಲನ್ನು ತಿದ್ದುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಎಕ್ಸೆಲ್‌ಗೆ ಲ್ಯಾಂಬ್ಡಾ ಎಂಬ ಸೌಲಭ್ಯವೇ ಬಂತು, ಹೆಸರು ಚರ್ಚ್ ಅವರ ಕಾಲದ್ದೇ. ಸಿ ಶಾರ್ಪ್‌ನಲ್ಲಿ ನೀವು ದಿನಾ ಬರೆಯುವ ವೇರ್, ಸೆಲೆಕ್ಟ್, ಗ್ರೂಪ್‌ಬೈ 2007ರಲ್ಲಿ ಬಂದದ್ದು ಫಂಕ್ಷನಲ್ ಭಾಷೆಗಳ ವಿಚಾರದಿಂದಲೇ. ಜಾವಾಕ್ಕೆ ಲ್ಯಾಂಬ್ಡಾ 2014ರಲ್ಲಿ ಬಂತು. ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ 2004ರಲ್ಲಿ ಪ್ರಕಟಿಸಿದ, ದೊಡ್ಡ ಮಾಹಿತಿಯನ್ನು ಹಲವು ಕಂಪ್ಯೂಟರ್‌ಗಳಿಗೆ ಹಂಚಿ ಲೆಕ್ಕ ಮಾಡುವ ಮ್ಯಾಪ್‌ರೆಡ್ಯೂಸ್‌ಗೆ ಲಿಸ್ಪ್‌ನ ಮ್ಯಾಪ್ ಮತ್ತು ರೆಡ್ಯೂಸ್ ಪ್ರೇರಣೆ. ಬೆಲೆ ತಿದ್ದದೆ ಹೊಸ ನಕಲು ಮಾಡಿಕೊಳ್ಳಲು ಅನುಕೂಲವಾದ ಸಿ ಶಾರ್ಪ್‌ನ ರೆಕಾರ್ಡ್‌ಗಳನ್ನು ನೀವು ಇನ್ನೂ ಬಳಸದಿದ್ದರೆ ಇವತ್ತೇ ಶುರು ಮಾಡಿ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಜಿಎಸ್‌ಟಿ, ಟ್ಯಾಲಿ, ತೂಕದ ಯಂತ್ರ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇವುಗಳ ಜೊತೆ ಮಾತಾಡಲು ಸಿಗುವ ಮಾದರಿ ಕೋಡ್ ಜಾವಾ, ಸಿ ಶಾರ್ಪ್‌ನಂಥ ಭಾಷೆಗಳಲ್ಲಿ ಇರುತ್ತದೆ. ಹ್ಯಾಸ್ಕೆಲ್‌ನಲ್ಲಿ ಬಹುಪಾಲು ನೀವೇ ಬರೆದುಕೊಳ್ಳಬೇಕು. ಹ್ಯಾಸ್ಕೆಲ್ ಲೆಕ್ಕವನ್ನು ಬೇಕಾಗುವ ತನಕ ಮುಂದೂಡುತ್ತದೆ, ಹಾಗಾಗಿ ಮೆಮೊರಿ ಎಲ್ಲಿ ಏರುತ್ತದೆ ಎಂದು ಊಹಿಸುವುದು ಹೊಸಬರಿಗೆ ಕಷ್ಟ. ಎಲ್ಲಕ್ಕಿಂತ ದೊಡ್ಡದು ಜನರ ಪ್ರಶ್ನೆ. ನೀವು ಬರೆದು ನಾಳೆ ಬೆಂಗಳೂರಿಗೆ ಹೋದರೆ ಆ ಕೋಡ್ ನೋಡಿಕೊಳ್ಳುವವರು ಯಾರು? ಐದಾರು ಜನರ ಕಂಪನಿಯ ಮಾಲೀಕರು ಹೀಗೆ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ ಇಡೀ ಬಿಲ್ಲಿಂಗ್ ಸಾಫ್ಟ್‌ವೇರ್ ಅನ್ನು ಹ್ಯಾಸ್ಕೆಲ್‌ಗೆ ತಿರುಗಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ.

ಸಮಯ ಕೊಡಬೇಕಾ ಅಂದಿರಿ. ಕೊಡಿ, ಆದರೆ ಸಂಜೆಯ ಸಮಯ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಮತ್ತು ಎಸ್.ಪಿ. ಸುರೇಶ್ ಅವರ ಹ್ಯಾಸ್ಕೆಲ್ ಪಾಠಗಳು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಮೊದಲು ಅದನ್ನು ಮುಗಿಸಿ. ಹ್ಯಾಸ್ಕೆಲ್‌ನಲ್ಲಿ ಹಂತಗಳನ್ನು ಒಂದಕ್ಕೊಂದು ಪೋಣಿಸುವ ಮೋನಾಡ್ ಎಂಬ ಹೆಸರಿಗೆ ಹೆದರಿ ನಿಲ್ಲಬೇಡಿ, ಬಳಸುತ್ತ ಹೋದರೆ ತಾನಾಗಿ ಅರ್ಥವಾಗುತ್ತದೆ. ಆಮೇಲೆ ಎಫ್ ಶಾರ್ಪ್‌ಗೆ ಬನ್ನಿ. ಅದು ಡಾಟ್ ನೆಟ್ ಮೇಲೆಯೇ ಓಡುವುದರಿಂದ ಅದರಲ್ಲಿ ಬರೆದ ಲೈಬ್ರರಿಯನ್ನು ನಿಮ್ಮ ಸಿ ಶಾರ್ಪ್ ಕೋಡ್ ನೇರವಾಗಿ ಕರೆಯಬಹುದು. ಪರದೆ, ಪ್ರಿಂಟು, ಡೇಟಾಬೇಸ್ ಎಲ್ಲ ಇದ್ದಲ್ಲೇ ಇರಲಿ. ಪಟ್ಟಿಯ ಲೆಕ್ಕ ಒಂದನ್ನು ಮಾತ್ರ ಎಫ್ ಶಾರ್ಪ್‌ನಲ್ಲಿ ಬರೆಯಿರಿ.

ಮಾಲೀಕರಿಗೆ ತೋರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹೋದ ಸೀಸನ್ನಿನ ಪಟ್ಟಿಗಳು ಡೇಟಾಬೇಸ್‌ನಲ್ಲಿ ಇದ್ದೇ ಇರುತ್ತವೆ. ಅಂಗಡಿಯವರ ಒಪ್ಪಿಗೆ ಪಡೆದು, ರೈತರ ಹೆಸರು ತೆಗೆದು, ಆ ಲಾಟ್‌ಗಳನ್ನೂ ಆಯಾ ದಿನದ ದರಗಳನ್ನೂ ಹೊಸ ಫಂಕ್ಷನ್‌ಗೆ ಕೊಡಿ. ಬಂದ ಮೊತ್ತವನ್ನು ಹಳೆಯ ಮೊತ್ತದ ಜೊತೆ ಹೋಲಿಸಿ. ಹೆಚ್ಚಿನವು ಹೊಂದುತ್ತವೆ. ಹೊಂದದವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಕೆಲವು ಪೈಸೆಯ ರೌಂಡಿಂಗ್ ಇರಬಹುದು, ಕೆಲವು ನಿಮ್ಮ ಹೊಸ ಕೋಡ್‌ನ ತಪ್ಪು, ಕೆಲವು ಹಳೆಯ ಕೋಡ್ ಯಾರಿಗೋ ಹೆಚ್ಚು ಕಡಿಮೆ ಕೊಟ್ಟದ್ದು. ಆ ಮೂರನೆಯ ಗುಂಪಿನ ಪಟ್ಟಿಗಳನ್ನು ಮಾಲೀಕರ ಮೇಜಿನ ಮೇಲಿಟ್ಟು ಮಾತು ಶುರು ಮಾಡಿ. ಭಾಷೆಯ ಹೆಸರನ್ನು ಅವರು ಕೇಳಿದ ಮೇಲೆ ಹೇಳಿದರೆ ಸಾಕು.